ಪಾತ್ರ ಕೊಟ್ಟ ಹಾಡು: ಒಂದು ವಿಡಿಯೋ ಗೇಮ್‌ನ ಸಂಗೀತ ಮತ್ತು ನಮ್ಮ ಬಯಲಿನ ಮಟ್ಟುಗಳು



ದತ್ತಿ ಉಪನ್ಯಾಸವೆಂದರೆ ಪಂಪನೋ ಕುಮಾರವ್ಯಾಸನೋ ವಚನವೋ ಇರಬೇಕೆಂಬುದು ವಾಡಿಕೆ. ದಾನಿಗಳು ‘ಸಂಗೀತ’ ಎಂದಷ್ಟೇ ಹೇಳಿ ಉಳಿದದ್ದನ್ನು ನನಗೆ ಬಿಟ್ಟರು. ನಾನು ಆರಿಸಿಕೊಂಡದ್ದು ಜಪಾನಿನ ಒಂದು ವಿಡಿಯೋ ಗೇಮ್‌ನ ಸಂಗೀತ. ಇದನ್ನು ಹೇಳಿದ ಕೂಡಲೇ ಮುಂದಿನ ಸಾಲಿನ ಹಿರಿಯರ ಹುಬ್ಬು ಮೇಲೇರಿತು, ಹಿಂದಿನ ಸಾಲಿನ ಹುಡುಗರು ನೆಟ್ಟಗೆ ಕೂತರು. ಎರಡೂ ನನಗೆ ಬೇಕಾದದ್ದೇ. ಹಿರಿಯರಿಗೆ ಗೊತ್ತಿರುವ ಒಂದು ಸಂಗತಿ ಹುಡುಗರಿಗೆ ಗೊತ್ತಿಲ್ಲ, ಹುಡುಗರಿಗೆ ಗೊತ್ತಿರುವುದು ಹಿರಿಯರಿಗೆ ಗೊತ್ತಿಲ್ಲ. ಈ ಎರಡರ ಬೇರು ಒಂದೇ ಎಂದು ತೋರಿಸುವುದು ಇವತ್ತಿನ ಕೆಲಸ.

ನನ್ನ ಪ್ರಶ್ನೆ ಸರಳವಾದದ್ದು. ಮೂವತ್ತು ವರ್ಷದ ಹಿಂದೆ ಮಕ್ಕಳ ಆಟಕ್ಕೆಂದು ಹೊಸೆದ ಸಂಗೀತವನ್ನು ಇವತ್ತು ದೊಡ್ಡ ವಾದ್ಯವೃಂದಗಳು ನುಡಿಸುತ್ತವೆ, ಆ ಆಟ ಬಂದಾಗ ಹುಟ್ಟಿರದ ಮಕ್ಕಳು ಅದನ್ನು ಪಿಯಾನೊ ಮೇಲೆ ಕಲಿಯುತ್ತಾರೆ. ಅದೇ ಕಾಲದ ಎಷ್ಟೋ ಸಿನಿಮಾ ಹಾಡುಗಳು ಮರೆತುಹೋದವು. ಹಾಗಾದರೆ ಈ ಸಂಗೀತ ಯಾಕೆ ಉಳಿಯಿತು?

ಮೊದಲು ಆಟದ ವಿಷಯ. ಹೆಸರು ‘ಕ್ರೋನೊ ಟ್ರಿಗರ್’. ಜಪಾನಿನ ಸ್ಕ್ವೇರ್ ಕಂಪನಿ 1995ರ ಮಾರ್ಚ್ 11ರಂದು, ಟಿವಿಗೆ ಜೋಡಿಸುವ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ ಇದನ್ನು ಹೊರತಂದಿತು. ಆಗ ನಮ್ಮ ಬಳ್ಳಾರಿಯಂಥ ಊರುಗಳ ಮನೆಗಳಲ್ಲೂ ಟಿವಿಗೆ ಜೋಡಿಸುವ ಅಗ್ಗದ ಯಂತ್ರಗಳು ಬರುತ್ತಿದ್ದವು. ಅವುಗಳ ‘ಕ್ಯಾಸೆಟ್’ ಊದಿ ಊದಿ ಹಾಕಿ ಮಾರಿಯೋ, ಕಾಂಟ್ರಾ ಆಡಿದವರು ಇಲ್ಲಿಯೂ ಇದ್ದೀರಿ. ಅವು ಓಡುವ, ಹಾರುವ, ಗುಂಡು ಹೊಡೆಯುವ ಆಟಗಳು. ಕ್ರೋನೊ ಟ್ರಿಗರ್ ಬೇರೆ ಬಗೆಯದು. ಇದರಲ್ಲಿ ಆಟಗಾರ ಒಂದು ಪಾತ್ರ ವಹಿಸಿಕೊಂಡು ಊರೂರು ತಿರುಗುತ್ತಾನೆ, ಸಂಗಡಿಗರನ್ನು ಕೂಡಿಸಿಕೊಳ್ಳುತ್ತಾನೆ, ಸೋಲುತ್ತಾನೆ, ಮತ್ತೆ ಎದ್ದು ಹೋರಾಡುತ್ತಾನೆ. ಒಂದು ಕಥೆ ಮುಗಿಯಲು ಇಪ್ಪತ್ತು ತಾಸಿಗೂ ಹೆಚ್ಚು ಹೊತ್ತು ಬೇಕು.

ಕ್ರೋನೊ ಎಂಬ ಹುಡುಗ ಕ್ರಿ.ಶ. 1000ರ ಒಂದು ಜಾತ್ರೆಗೆ ಹೋಗುತ್ತಾನೆ. ಅಲ್ಲಿ ಗೆಳತಿಯೊಬ್ಬಳು ಮಾಡಿದ ಯಂತ್ರದಿಂದ ಕಾಲದ ಬಾಗಿಲು ತೆರೆದುಕೊಳ್ಳುತ್ತದೆ. ಅಲ್ಲಿಂದ ಅವನು ಕ್ರಿ.ಶ. 600ರ ರಾಜರ ಕಾಲಕ್ಕೆ, 2300ರ ಪಾಳುಬಿದ್ದ ಲೋಕಕ್ಕೆ, ಆರೂವರೆ ಕೋಟಿ ವರ್ಷದ ಹಿಂದಿನ ಆದಿಮಾನವರ ಬಳಿಗೆ, ಕ್ರಿ.ಪೂ. 12000ದಲ್ಲಿ ಮೋಡದ ಮೇಲೆ ತೇಲುವ ಒಂದು ರಾಜ್ಯಕ್ಕೆ ಹೋಗಿಬರುತ್ತಾನೆ. ನೆಲ ಒಂದೇ, ಕಾಲ ಬೇರೆ ಬೇರೆ. ಪ್ರತಿ ಕಾಲಕ್ಕೂ ಅದರದೇ ಸಂಗೀತವಿದೆ. ತೇಲುವ ರಾಜ್ಯಕ್ಕೆ ಕಾಲಿಟ್ಟಾಗ ಸಿತಾರಿನ ನೆನಪು ತರುವ ದನಿಯೊಂದು ಸುತ್ತಿಕೊಳ್ಳುತ್ತದೆ. ಪಾಳು ಲೋಕದಲ್ಲಿ ರಾಗ ಬಡವಾಗಿ ಬರೀ ಗಾಳಿಯಂತೆ ಕೇಳುತ್ತದೆ. ಪರದೆಯನ್ನು ನೋಡದಿದ್ದರೂ ಯಾವ ಕಾಲದಲ್ಲಿದ್ದೇವೆಂದು ಕಿವಿ ಹೇಳಿಬಿಡುತ್ತದೆ.

ಈ ಸಂಗೀತದ ಬಹುಭಾಗ ರಚಿಸಿದವನು ಯಾಸುನೋರಿ ಮಿತ್ಸುದಾ. 1972ರಲ್ಲಿ ಹುಟ್ಟಿದವನು. ಸ್ಕ್ವೇರ್ ಕಂಪನಿಯಲ್ಲಿ ಅವನ ಕೆಲಸ ಕತ್ತಿಯ ಸದ್ದು, ಬಾಗಿಲಿನ ಸದ್ದುಗಳನ್ನು ತಯಾರಿಸುವುದಾಗಿತ್ತು. ‘ರಾಗ ಕಟ್ಟುವ ಕೆಲಸ ಕೊಡದಿದ್ದರೆ ಕೆಲಸ ಬಿಡುತ್ತೇನೆ’ ಎಂದು ಅವನು ಮೇಲಿನವನಾದ ಹಿರೊನೊಬು ಸಕಾಗುಚಿಗೆ ಹೇಳಿದ. ಸಕಾಗುಚಿ ಈ ಆಟವನ್ನೇ ಅವನ ಕೈಗಿಟ್ಟ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ ಹಗಲುರಾತ್ರಿ ಸ್ಟುಡಿಯೋದಲ್ಲೇ ಮಲಗೆದ್ದು ಕೆಲಸ ಮಾಡಿದ. ಕೊನೆಯಲ್ಲಿ ಬರುವ ‘ದೂರದ ಕಾಲಗಳಿಗೆ’ ಎಂಬ ರಾಗ ಕನಸಿನಲ್ಲಿ ಹೊಳೆದದ್ದೆಂದು ಅವನೇ ಹೇಳಿದ್ದಾನೆ. ನಡುವೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟು, ಮಾಡುತ್ತಿದ್ದ ಸುಮಾರು 40 ರಾಗಗಳು ಅಳಿಸಿಹೋದವು. ಮತ್ತೆ ಕೂತ. ಹೊಟ್ಟೆಯಲ್ಲಿ ಹುಣ್ಣಾಗಿ ಆಸ್ಪತ್ರೆ ಸೇರಿದ. ಆಗ ಫೈನಲ್ ಫ್ಯಾಂಟಸಿ ಆಟಗಳಿಂದ ಹೆಸರಾಗಿದ್ದ ಹಿರಿಯ ನೊಬುವೊ ಉಯೆಮಾತ್ಸು ಉಳಿದ ಭಾಗಗಳನ್ನು ಕಟ್ಟಿಕೊಟ್ಟ. ಉಯೆಮಾತ್ಸು ಸಂಗೀತವನ್ನು ಯಾವ ಶಾಲೆಯಲ್ಲೂ ಕಲಿತವನಲ್ಲ, ತಾನಾಗಿ ಕಲಿತವನು.

ಈ ಕಷ್ಟದ ಕಥೆ ಕೇಳಲು ಚೆನ್ನಾಗಿದೆ. ಆದರೆ ಸಂಗೀತ ಉಳಿಯುವುದು ಕಟ್ಟಿದವನು ಕಷ್ಟಪಟ್ಟ ಎಂಬ ಕಾರಣಕ್ಕಲ್ಲ. ನನಗೆ ಮೂರು ಕಾರಣಗಳು ಕಾಣುತ್ತವೆ. ಮೂರಕ್ಕೂ ನಮ್ಮ ಸಿರುಗುಪ್ಪ, ಕುರುಗೋಡು, ಬಳ್ಳಾರಿ ಸೀಮೆಯ ಬಯಲಾಟ ಮತ್ತು ನಾಟಕಗಳಲ್ಲಿ ಸಾಕ್ಷಿಯಿದೆ.

ಮೊದಲನೆಯದು ಕೊರತೆ. ಸೂಪರ್ ಫ್ಯಾಮಿಕಾಮ್‌ನ ಸದ್ದಿನ ಚಿಪ್ ಸೋನಿ ಕಂಪನಿ ಮಾಡಿಕೊಟ್ಟದ್ದು. ಅದು ಒಂದು ಹೊತ್ತಿಗೆ ಎಂಟು ದನಿಗಳನ್ನು ಮಾತ್ರ ಹೊರಡಿಸಬಲ್ಲದು. ವಾದ್ಯಗಳ ಮಾದರಿಗಳೆಲ್ಲ ಸೇರಿ ಅದಕ್ಕಿದ್ದ ಜಾಗ 64 ಕಿಲೋಬೈಟ್. ಇವತ್ತು ವಾಟ್ಸಾಪ್‌ನಲ್ಲಿ ಬರುವ ‘ಶುಭೋದಯ’ದ ಚಿತ್ರವೊಂದು ಅದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ಆಟಗಾರ ಕತ್ತಿ ಬೀಸಿದರೆ ಆ ಸದ್ದಿಗೂ ಇದೇ ಎಂಟರಲ್ಲಿ ಒಂದು ದನಿ ಬೇಕು. ಅಷ್ಟು ಹೊತ್ತು ಕೊಳಲೋ ತಂತಿಯೋ ಬಾಯಿ ಮುಚ್ಚಬೇಕು. ನೂರು ವಾದ್ಯಗಳ ಅಬ್ಬರದಿಂದ ಕೇಳುಗನನ್ನು ಮರುಳು ಮಾಡುವ ದಾರಿ ಅಲ್ಲಿ ಇರಲಿಲ್ಲ. ಭಾರವೆಲ್ಲ ಒಂದೇ ಒಂದು ರಾಗದ ಎಳೆಯ ಮೇಲೆ ಬಿತ್ತು. ಆ ಎಳೆ ಗಟ್ಟಿಯಿಲ್ಲದಿದ್ದರೆ ಮರೆಮಾಡಲು ಏನೂ ಇರಲಿಲ್ಲ. ಹೀಗಾಗಿ ಈ ರಾಗಗಳನ್ನು ಯಾವ ವಾದ್ಯಕ್ಕೆ ಇಳಿಸಿದರೂ, ಬರೀ ಸಿಳ್ಳೆ ಹಾಕಿದರೂ, ಗುರುತು ಹತ್ತುತ್ತದೆ.

ಬಯಲಾಟದ ಹಾಡಿಗೂ ಇಂಥದೇ ಕೊರತೆಯಿತ್ತು. ಮೈಕ್ ಇಲ್ಲದ ಕಾಲ, ಬಯಲಿನಲ್ಲಿ ಕಟ್ಟಿದ ಅಟ್ಟ, ಪೆಟ್ರೋಮ್ಯಾಕ್ಸ್ ಬೆಳಕು. ಹಿಮ್ಮೇಳಕ್ಕೆ ಮದ್ದಳೆ, ತಾಳ, ಮುಖವೀಣೆ, ಮುಂದೆ ಹಾರ್ಮೋನಿಯಂ. ಕೂತ ಜನ ಬಂಡಿಗಳ ಸಾಲಿನವರೆಗೂ ಹರಡಿಕೊಂಡಿದ್ದಾರೆ. ಕೊನೆಯ ಬಂಡಿಯಲ್ಲಿ ಕೂತವನಿಗೂ ಹಾಡು ಮುಟ್ಟಬೇಕಾದರೆ ಸಣ್ಣ ಸಣ್ಣ ಕುಸುರಿ ಕೆಲಸಕ್ಕೆ ಬಾರದು. ಬೇಕಾದದ್ದು ಎತ್ತರದ ದನಿ, ನೆಟ್ಟಗೆ ಎದೆಗೆ ತಾಗುವ ಮಟ್ಟು. ಕಂಪನಿ ನಾಟಕದವರು ಹಿಂದೂಸ್ತಾನಿ ರಾಗಗಳಿಂದ, ಮರಾಠಿ ರಂಗಭೂಮಿಯಿಂದ ಮಟ್ಟುಗಳನ್ನು ತಂದಾಗ ಆಲಾಪದ ಹರವನ್ನು ಬಿಟ್ಟು, ರಾಗದ ಮುಖವೊಂದನ್ನೇ ಎತ್ತಿಕೊಂಡರು. ಭೀಮಪಲಾಸ, ಯಮನ್, ಭೈರವಿ ಎಂಬ ಹೆಸರು ಗೊತ್ತಿಲ್ಲದ ರೈತನ ಬಾಯಲ್ಲೂ ಆ ರಾಗಗಳ ಮುಖ ಕೂತದ್ದು ಹೀಗೆ.

ಎರಡನೆಯದು ಮರುಕಳಿಕೆ. ಸಿನಿಮಾಕ್ಕೆ ಸಂಗೀತ ಕಟ್ಟುವವನಿಗೆ ದೃಶ್ಯ ಎಷ್ಟು ನಿಮಿಷದ್ದೆಂದು ಗೊತ್ತಿರುತ್ತದೆ. ಆಟಕ್ಕೆ ಕಟ್ಟುವವನಿಗೆ ಗೊತ್ತಿರುವುದಿಲ್ಲ. ಆಟಗಾರ ಕಾಡನ್ನು ಎರಡು ನಿಮಿಷದಲ್ಲಿ ದಾಟಬಹುದು, ದಾರಿ ತಪ್ಪಿ ಎರಡು ತಾಸು ಅಲೆಯಲೂಬಹುದು. ಅದಕ್ಕೆ ರಾಗ ಒಂದೆರಡು ನಿಮಿಷದಲ್ಲಿ ಸುತ್ತಿ, ಬೆಸುಗೆ ಕಾಣದ ಹಾಗೆ ಮೊದಲಿಗೇ ಬಂದು ಸೇರಬೇಕು. ಅರವತ್ತನೆಯ ಸಲ ಕೇಳಿದಾಗಲೂ ಬೇಸರ ತರಬಾರದು. ಕ್ರೋನೊ ಟ್ರಿಗರ್‌ನ ಕಾಡಿನ ರಾಗವನ್ನೇ ನೋಡಿ. ಕೆಳಗೆ ಒಂದು ಮಂದ್ರದ ಎಳೆ ಬಿಡದೆ ನಡೆಯುತ್ತದೆ, ಮೇಲೆ ರಾಗ ಬಂದು ಸ್ವಲ್ಪ ಹೊತ್ತು ಹಾಡಿ ಸರಿದುಕೊಳ್ಳುತ್ತದೆ. ಆಟಗಾರನ ಯೋಚನೆಗೆ ಜಾಗ ಬಿಟ್ಟುಕೊಡುತ್ತದೆ. ಕಿವಿಗೆ ಬಿದ್ದು ಬಿದ್ದು, ಗಮನಕ್ಕೆ ಬಾರದಂತೆಯೇ ಅದು ಒಳಗಿಳಿಯುತ್ತದೆ.

ಹಾರ್ಮೋನಿಯಂ ನುಡಿಸುವ ನಮ್ಮ ಪೇಟಿ ಮಾಸ್ತರರಿಗೂ ಸಮಯ ಅವರ ಕೈಯಲ್ಲಿರಲಿಲ್ಲ. ಪರದೆಯ ಹಿಂದೆ ದ್ರೌಪದಿಯ ಸೀರೆ ಸರಿಯಾಗುವ ತನಕ ನುಡಿಸುತ್ತಿರಬೇಕು. ಯಾರೋ ಐನೂರರ ನೋಟು ಪಿನ್ನು ಹಾಕಲು ಅಟ್ಟ ಹತ್ತಿದರೆ ಅವರು ಇಳಿಯುವ ತನಕ ನುಡಿಸಬೇಕು. ಜನ ‘ಒನ್ಸ್‌ಮೋರ್’ ಎಂದು ಕೂಗಿದರೆ ಸತ್ತುಬಿದ್ದ ಪಾತ್ರಧಾರಿಯೂ ಎದ್ದು ಹಾಡಬೇಕು, ಇವರೂ ಮೊದಲಿಂದ ಹಿಡಿಯಬೇಕು. ಅದಕ್ಕೂ ಮುಂಚೆ ತಾಲೀಮು ಇದೆ. ಸುಗ್ಗಿ ಮುಗಿದು ಜಾತ್ರೆ ಬರುವ ತನಕ ವಾರಗಟ್ಟಲೆ, ತಿಂಗಳುಗಟ್ಟಲೆ, ರಾತ್ರಿ ಊಟ ಮುಗಿಸಿ ಗುಡಿಯ ಪೌಳಿಯಲ್ಲೋ ಶಾಲೆಯ ಕೋಣೆಯಲ್ಲೋ ಅದೇ ಹಾಡು, ಅದೇ ಮಾತು. ಅಕ್ಷರ ಬಾರದವರು ಕೇಳಿ ಕೇಳಿ ಕಲಿತರು. ಕಿಟಕಿಯ ಹೊರಗೆ ನಿಂತ ಹುಡುಗರು ನಾಟಕ ನಡೆಯುವ ಮುಂಚೆಯೇ ಎಲ್ಲರ ಪಾತ್ರವನ್ನೂ ಬಾಯಿಪಾಠ ಮಾಡಿಕೊಂಡಿರುತ್ತಿದ್ದರು.

ಮೂರನೆಯದೇ ನನ್ನ ಮಟ್ಟಿಗೆ ಮುಖ್ಯ. ಅದು ಪಾತ್ರ. ಕ್ರೋನೊ ಆಟದಲ್ಲಿ ಹೆಚ್ಚುಕಡಿಮೆ ಮಾತೇ ಆಡುವುದಿಲ್ಲ. ಸುತ್ತಲಿನವರೆಲ್ಲ ಮಾತಾಡುತ್ತಾರೆ, ಇವನು ತಲೆಯಾಡಿಸುತ್ತಾನೆ. ಅವನೊಳಗಿನ ಮಾತನ್ನು ತುಂಬುವವನು ಆಟಗಾರ, ಆ ಆಟಗಾರನ ಪರವಾಗಿ ಹಾಡುವುದು ಸಂಗೀತ. ಕಥೆಯ ನಡುವೆ ಕ್ರೋನೊ ಗೆಳೆಯರನ್ನು ಉಳಿಸಲು ತಾನೇ ಪ್ರಾಣ ಬಿಡುತ್ತಾನೆ. ಇಷ್ಟು ಹೊತ್ತು ಅವನನ್ನು ನಡೆಸಿದ ಕೈಗಳು ಆಗ ಸುಮ್ಮನಾಗುತ್ತವೆ. ಅವನನ್ನು ಮರಳಿ ತರುವುದೂ ಬಿಡುವುದೂ ಆಟಗಾರನಿಗೇ ಬಿಟ್ಟದ್ದು. ಕಪ್ಪೆಯಾಗಿ ಶಾಪಗ್ರಸ್ತನಾದ ಯೋಧನೊಬ್ಬ ಬಹಳ ಕಾಲ ಅಂಜಿ ಅಡಗಿದ್ದು, ಒಂದು ದಿನ ಖಡ್ಗ ಎತ್ತಿ ಬೆಟ್ಟವನ್ನೇ ಸೀಳುತ್ತಾನೆ. ಆಗ ಅವನ ರಾಗ, ರಣದ ನಡಿಗೆಯ ಲಯದಲ್ಲಿ, ತಲೆ ಎತ್ತಿ ಬರುತ್ತದೆ. ಅದನ್ನು ಕೇಳುವವನು ಪ್ರೇಕ್ಷಕನಾಗಿ ಕೂತಿಲ್ಲ. ಆ ಖಡ್ಗದ ತುಂಡುಗಳನ್ನು ಕಾಲದಿಂದ ಕಾಲಕ್ಕೆ ಅಲೆದು ಕೂಡಿಸಿ ತಂದವನು ಅವನೇ. ಹಾಡಿನಲ್ಲಿ ಅವನ ದುಡಿಮೆ ಸೇರಿದೆ.

ಈಗ ‘ರಕ್ತರಾತ್ರಿ’ಯ ಕಡೆ ಬರೋಣ. ಕಂದಗಲ್ಲ ಹನುಮಂತರಾಯರು (1896–1966) ಬರೆದ ಈ ನಾಟಕ ಮಹಾಭಾರತ ಯುದ್ಧದ ಕೊನೆಯ ಇರುಳಿನದು, ಅಶ್ವತ್ಥಾಮ ಉಪಪಾಂಡವರನ್ನು ಕೊಂದ ರಾತ್ರಿಯ ಕಥೆ. ನಮ್ಮ ಸೀಮೆಯಲ್ಲಿ ಇದನ್ನು ಆಡದ ಊರು ಹುಡುಕುವುದು ಕಷ್ಟ. ವೃತ್ತಿ ಕಂಪನಿಗಳು ಕಣ್ಮರೆಯಾದ ಮೇಲೂ ಇದನ್ನು ಉಳಿಸಿಕೊಂಡವರು ಊರಿನ ರೈತರು, ಕೂಲಿಕಾರರು, ಮಾಸ್ತರರು. ಪಾತ್ರಕ್ಕೆ ತಕ್ಕಂತೆ ತಾವೇ ಹಣ ಹಾಕಿಕೊಂಡು ದುರ್ಯೋಧನನಾದರು, ಶಕುನಿಯಾದರು, ಅಶ್ವತ್ಥಾಮನಾದರು. ಸ್ತ್ರೀಪಾತ್ರಗಳಿಗೆ ಬಳ್ಳಾರಿಯ ಕಡೆಯಿಂದ ಕಲಾವಿದೆಯರನ್ನು ಕರೆಸಿದರು. ಹಾಗೆ ಊರೂರು ತಿರುಗಿ ಹಾಡಿದವರಲ್ಲಿ ದೊಡ್ಡ ಹೆಸರು ಸುಭದ್ರಮ್ಮ ಮನ್ಸೂರು ಅವರದು. 2020ರಲ್ಲಿ ಅವರು ತೀರಿಕೊಂಡಾಗ ಹಳ್ಳಿಗಳಲ್ಲಿ ನೆನೆದದ್ದು ‘ರಕ್ತರಾತ್ರಿಯ ದ್ರೌಪದಿ’ಯನ್ನು. ಅವರ ಎದುರು ನಿಂತು ಒಂದು ರಾತ್ರಿ ಅರ್ಜುನನೋ ಭೀಮನೋ ಆಗಿದ್ದ ರೈತನಿಗೆ ಆ ಹಾಡು ಕೇಳಿದ ಹಾಡಲ್ಲ, ತನ್ನ ಮೈಮೇಲೆ ಹಾದುಹೋದ ಹಾಡು. ಇವತ್ತಿಗೂ ಗದ್ದೆಯ ಬದುವಿನ ಮೇಲೆ ನಿಂತು ಅವನು ಅದನ್ನು ಗುನುಗಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ದೊಡ್ಡಾಟದಲ್ಲಿ ಇದಕ್ಕೆ ಇನ್ನೂ ಹಳೆಯ ಏರ್ಪಾಡಿದೆ. ಪಾತ್ರ ಅಟ್ಟಕ್ಕೆ ಬಂದ ಕೂಡಲೇ ಸಾರಥಿ ‘ನೀವು ಯಾರು, ಯಾವ ದೇಶದವರು’ ಎಂದು ಕೇಳುತ್ತಾನೆ. ಪಾತ್ರ ಹಾಡಿನಲ್ಲಿ, ಮಾತಿನಲ್ಲಿ, ಕುಣಿತದಲ್ಲಿ ತನ್ನನ್ನು ತಾನು ಹೇಳಿಕೊಳ್ಳುತ್ತದೆ. ರಾಜನ ಬರವಿನ ಲಯ ಬೇರೆ, ರಕ್ಕಸನದು ಬೇರೆ. ಆಟದಲ್ಲಿ ಪ್ರತಿ ಪಾತ್ರಕ್ಕೂ ಒಂದು ರಾಗ ಕಟ್ಟಿಕೊಟ್ಟ ಮಿತ್ಸುದಾನ ಕೆಲಸವನ್ನು ನಮ್ಮ ಹಿಮ್ಮೇಳದವರು ಪರದೆಯೂ ಕಂಪ್ಯೂಟರೂ ಇಲ್ಲದೆ ಮಾಡುತ್ತ ಬಂದಿದ್ದಾರೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ‘ಇದೆಲ್ಲ ಬಾಲ್ಯದ ಹಂಬಲ. ಚಿಕ್ಕಂದಿನಲ್ಲಿ ಆಡಿದವರಿಗೆ ಹಳೆಯ ಸದ್ದು ಕೇಳಿದರೆ ಹಿತ, ಅಷ್ಟೇ’ ಎನ್ನುವವರಿದ್ದಾರೆ. ಹಂಬಲ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದೇ ಯಂತ್ರಕ್ಕೆ ನೂರಾರು ಆಟಗಳು ಬಂದವು, ಅವನ್ನೂ ಮಕ್ಕಳು ಆಡಿದರು. ಅವುಗಳಲ್ಲಿ ಹೆಚ್ಚಿನವುಗಳ ಸಂಗೀತ ಯಾರ ಬಾಯಲ್ಲೂ ಇಲ್ಲ. ಹಂಬಲವೊಂದೇ ಸಾಕಾಗಿದ್ದರೆ ಎಲ್ಲವೂ ಉಳಿಯಬೇಕಿತ್ತು. ಜೊತೆಗೆ, ಭಾರತದಲ್ಲಿ ಈ ಆಟವನ್ನು ಅಂದು ಆಡಿದವರು ಬಹಳ ಕಡಿಮೆ. ನಮ್ಮ ಹುಡುಗರಿಗೆ ಇದು ಸಿಕ್ಕಿದ್ದು 2011ರಾಚೆ ಮೊಬೈಲ್‌ಗೆ ಬಂದ ಮೇಲೆ, 2018ರಲ್ಲಿ ಕಂಪ್ಯೂಟರಿಗೆ ಬಂದ ಮೇಲೆ. ಅವರ ಬಾಲ್ಯದಲ್ಲಿ ಇದು ಇರಲೇ ಇಲ್ಲ. ಆದರೂ ಅವರು ಗಿಟಾರಿನ ಮೇಲೆ, ಕೀಬೋರ್ಡಿನ ಮೇಲೆ ಇದನ್ನು ಹುಡುಕಿ ನುಡಿಸುತ್ತಾರೆ.

ಆಟಗಳ ಸಂಗೀತವನ್ನು ಲೋಕವೂ ತಡವಾಗಿಯಾದರೂ ಗುರುತಿಸಿದೆ. ಇದರ ದಾರಿ ತೆರೆದವನು ಕೊಯಿಚಿ ಸುಗಿಯಾಮ (1931–2021). 1986ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ಆಟಕ್ಕೆ ಸಂಗೀತ ಕಟ್ಟುವ ಹೊತ್ತಿಗೆ ಅವನು ಐವತ್ತು ದಾಟಿದ್ದ, ಹಾಡು ಜಾಹೀರಾತುಗಳಲ್ಲಿ ಪಳಗಿದ್ದ. ಮಕ್ಕಳ ಆಟವೆಂದು ಮೂಗು ಮುರಿಯಲಿಲ್ಲ. 1987ರಲ್ಲೇ ಆ ರಾಗಗಳನ್ನು ಟೋಕಿಯೊದ ಕಛೇರಿ ಮಂದಿರಕ್ಕೆ ಒಯ್ದ. 2021ರ ಜುಲೈ 23ರಂದು ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ದೇಶದೇಶಗಳ ಕ್ರೀಡಾಪಟುಗಳು ಮೈದಾನಕ್ಕೆ ಬಂದದ್ದು ಅವನ ರಾಗದೊಂದಿಗೆ. ಅದೇ ಮೆರವಣಿಗೆಯಲ್ಲಿ ಕ್ರೋನೊ ಟ್ರಿಗರ್‌ನ ಕಪ್ಪೆ ಯೋಧನ ರಾಗವೂ ಮೊಳಗಿತು. ಭಾರತದ ತಂಡ ನಡೆದು ಬಂದದ್ದೂ ಇಂಥ ಸಂಗೀತದ ನಡುವೆಯೇ, ಟಿವಿ ನೋಡುತ್ತಿದ್ದ ನಮಗೆ ಅದು ಗೊತ್ತಾಗಲಿಲ್ಲವಷ್ಟೇ. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಮಾರಿಯೋ ಆಟದ ರಾಗವನ್ನು ಸೇರಿಸಿತು. ವಿಡಿಯೋ ಗೇಮ್ ಸಂಗೀತಕ್ಕೆ ಆ ಪಟ್ಟಿಯಲ್ಲಿ ಸಿಕ್ಕ ಮೊದಲ ಜಾಗ ಅದು.

ಈ ಉಳಿವು ತಾನಾಗಿ ಬಂದದ್ದಲ್ಲ ಎಂಬುದನ್ನು ಗಮನಿಸಬೇಕು. ಕ್ರೋನೊ ಟ್ರಿಗರ್ ಬಂದ ವರ್ಷವೇ ಅದರ ಪೂರ್ತಿ ಸಂಗೀತ ಸಿ.ಡಿ.ಗಳಲ್ಲಿ ಬಂತು. ಇಂಥ ಆಟಗಳ ಸ್ವರಲಿಪಿಯ ಪುಸ್ತಕಗಳು ಜಪಾನಿನ ಅಂಗಡಿಗಳಲ್ಲಿ ಸಿಕ್ಕವು. ಆಡಿದ ಮಕ್ಕಳು ದೊಡ್ಡವರಾಗಿ ಅದೇ ರಾಗಗಳನ್ನು ತಮ್ಮ ವಾದ್ಯಗಳಿಗೆ ಹೊಂದಿಸಿಕೊಂಡು ನುಡಿಸಿದರು. ಹಳೆಯ ಆಟ ಹೊಸ ಹೊಸ ಯಂತ್ರಗಳಿಗೆ ಬಂದಾಗಲೆಲ್ಲ ಹೊಸಬರಿಗೆ ಪಾತ್ರ ಸಿಕ್ಕಿತು. ಈ ಕೊನೆಯ ಮಾತೇ ಮುಖ್ಯ. ಸಿ.ಡಿ. ಮಾತ್ರ ಉಳಿದು ಆಟ ಅಳಿದಿದ್ದರೆ ಈ ಸಂಗೀತ ಹವ್ಯಾಸಿಗಳ ಕಪಾಟಿನಲ್ಲಿ ಇರುತ್ತಿತ್ತು.

ನಮ್ಮ ಕಡೆ ಆಗುತ್ತಿರುವುದು ಇದರ ತಿರುಗಾಮುರುಗಾ. ರಂಗಗೀತೆಗಳ ಕ್ಯಾಸೆಟ್ಟು ಬಂದವು, ಈಗ ಮೊಬೈಲಿನಲ್ಲಿ ಹುಡುಕಿದರೆ ಸುಭದ್ರಮ್ಮನವರ ದನಿಯೂ ಸಿಗುತ್ತದೆ. ಆದರೆ ಪಾತ್ರ ವಹಿಸುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮಾಸ್ತರರ ಮಟ್ಟುಗಳಿಗೆ ಸ್ವರಲಿಪಿಯಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಸಂಗೀತವನ್ನೂ ನಾಟಕವನ್ನೂ ಒಟ್ಟಿಗೆ ನಡೆಸಿದ್ದರಿಂದ ಹಾಡಿನ ವಿದ್ಯೆ ಹಳ್ಳಿಗಳವರೆಗೆ ಬಂತು. ಆ ಸರಪಣಿ ಈಗ ಸಡಿಲವಾಗಿದೆ. ‘ದಾಖಲಿಸಬೇಕು, ದಾಖಲಿಸಬೇಕು’ ಎಂದು ಎಲ್ಲ ಸಭೆಗಳಲ್ಲೂ ಹೇಳುತ್ತೇವೆ. ಒಳ್ಳೆಯದೇ. ಆದರೆ ದಾಖಲೆ ಹಾಡನ್ನು ಕಾಯುತ್ತದೆ, ಹಾಡುವವರನ್ನು ಹುಟ್ಟಿಸುವುದಿಲ್ಲ.

ಹಾಗಾಗಿ ಮೂರು ಸಣ್ಣ ಸಲಹೆಗಳನ್ನು ಈ ಸಭೆಯ ಮುಂದಿಡುತ್ತೇನೆ.

ಒಂದು, ತಾಲೂಕಿನ ಪೇಟಿ ಮಾಸ್ತರರನ್ನು ವರ್ಷಕ್ಕೊಬ್ಬರಂತೆ ಕೂರಿಸಿ, ಅವರ ಮಟ್ಟುಗಳನ್ನು ದನಿಯಲ್ಲೂ ಸ್ವರಲಿಪಿಯಲ್ಲೂ ಹಿಡಿಯಬೇಕು. ಹಿಡಿಯುವ ಕೆಲಸ ಕಾಲೇಜಿನ ಹುಡುಗ ಹುಡುಗಿಯರದು. ಮಾಸ್ತರರ ಪಕ್ಕ ಕೂತು ಒಂದು ಮಟ್ಟನ್ನಾದರೂ ತಾವೇ ನುಡಿಸಿ ತೋರಿಸಿದ ಮೇಲೆಯೇ ಕೆಲಸ ಮುಗಿಯಿತೆಂದು ಲೆಕ್ಕ.

ಎರಡು, ಜಾತ್ರೆಯ ನಾಟಕದಲ್ಲಿ ಶಾಲೆಯ ಮಕ್ಕಳಿಗೆ ಹಾಡಿರುವ ಪಾತ್ರ ಕೊಡಬೇಕು. ಮುಖ್ಯ ಪಾತ್ರವೇ ಆಗಬೇಕಿಲ್ಲ. ಸಾರಥಿಯ ಕೈಯಲ್ಲಿ ‘ನೀನು ಯಾರು’ ಎಂದು ಕೇಳಿಸಿಕೊಂಡು, ಒಂದು ಹಾಡಿನಲ್ಲಿ ಉತ್ತರ ಹೇಳುವಷ್ಟಾದರೂ ಇರಲಿ.

ಮೂರು, ಕಂಪ್ಯೂಟರ್ ಕಲಿತ ನಮ್ಮ ಹುಡುಗರು ಬೆಂಗಳೂರಿನ ಕಂಪನಿಗಳಲ್ಲಿ ಊರೂರಿನವರ ಆಟಗಳಿಗೆ ಕೋಡ್ ಬರೆಯುತ್ತಿದ್ದಾರೆ. ಅವರು ಒಮ್ಮೆ ನೆರೆಯ ಕಂಪ್ಲಿಯ ಕಡೆ ತಿರುಗಿ ನೋಡಲಿ. ಕುಮಾರರಾಮನ ಕಥೆಯಲ್ಲಿ ಕೋಟೆಯಿದೆ, ಸಂಗಡಿಗರಿದ್ದಾರೆ, ಮಲತಾಯಿಯ ಆರೋಪವಿದೆ, ಗೆಲುವಿದೆ, ದೊಡ್ಡ ಸೋಲೂ ಇದೆ. ಪಾತ್ರ ವಹಿಸಿ ಆಡುವ ಆಟಕ್ಕೆ ಬೇಕಾದದ್ದೆಲ್ಲ ಅಲ್ಲಿದೆ. ಆ ಆಟ ಕಟ್ಟುವುದಾದರೆ ಅದರ ಸಂಗೀತವನ್ನು ಹೊರಗಿಂದ ಕೊಳ್ಳಬೇಡಿ. ಕುಮಾರರಾಮನ ಬಯಲಾಟದ ಮಟ್ಟುಗಳು ಇನ್ನೂ ಹಾಡುವವರ ಗಂಟಲಲ್ಲಿವೆ, ಅವರನ್ನು ಕೇಳಿ. ಎಂಟು ದನಿಯ ಇಕ್ಕಟ್ಟಿನಲ್ಲಿ ಮಿತ್ಸುದಾ ಮಾಡಿದ ಕೆಲಸವನ್ನು ಮದ್ದಳೆ, ತಾಳ, ಮುಖವೀಣೆಯ ಇಕ್ಕಟ್ಟಿನಲ್ಲಿ ನಮ್ಮವರು ಆಗಲೇ ಮಾಡಿಟ್ಟಿದ್ದಾರೆ.

ಹಿರಿಯರಿಗೆ ಒಂದು ಮಾತು. ಮೊಮ್ಮಗ ಮೊಬೈಲಿನಲ್ಲಿ ಆಡುತ್ತ ಏನೋ ಒಂದು ರಾಗ ಗುನುಗುತ್ತಿದ್ದರೆ, ಗದರುವ ಮುಂಚೆ ಅದು ಯಾವ ಪಾತ್ರದ ಹಾಡೆಂದು ಕೇಳಿ. ಅವನು ಹೇಳಿದ ಮೇಲೆ ನಿಮ್ಮ ಪಾತ್ರದ ಹಾಡನ್ನು ನೀವು ಹೇಳಿಕೊಡಿ. ಮುಂದಿನ ಜಾತ್ರೆಯ ತಾಲೀಮಿಗೆ ಅವನ ಹೆಸರನ್ನೂ ಬರೆಸಿ.